ಸೋದರಮಾವನ ತೊಡೆ

ಮುಂಡರಗಿ ಬಾಯಾರಿಗೆ, ಬೆಟಗೇರಿಯಿಂದ ನಿಮ್ಮ ನೀಲಾ ಮಾಡುವ ನಮಸ್ಕಾರ.

ನೀವು ತೀರಿಹೋದಿರೆಂದು ನಿಮ್ಮ ವಿದ್ಯಾರ್ಥಿನಿ ಫೋನಿನಲ್ಲಿ ಹೇಳಿದಾಗ ನಾನು "ಹೂಂರಿ" ಎಂದಷ್ಟೇ ಹೇಳಿ ಫೋನ್ ಇಟ್ಟುಬಿಟ್ಟೆ. ಆ ಹುಡುಗಿ ನನ್ನನ್ನು ಎಂಥ ಕಲ್ಲುಮನಸ್ಸಿನವಳು ಎಂದುಕೊಂಡಳೋ ಏನೋ. ನೀವಾಗಿದ್ದರೆ ತಿಳಿದುಕೊಳ್ಳುತ್ತಿದ್ದಿರಿ. ನನಗೆ ಮಾತು ಗಂಟಲಲ್ಲೇ ನಿಲ್ಲುತ್ತದೆ ಎಂಬುದು ನಿಮಗೆ ಮೊದಲ ದಿನವೇ ಗೊತ್ತಾಗಿತ್ತು. "ಬಾಯಿಲೆ ಬರದಿದ್ರ ಬರದು ಕೊಡವಾ, ನನಗೇನು ಬಸ್ಸು ಹೊಂಟಿಲ್ಲ" ಎಂದಿದ್ದಿರಿ. ಐದನೇ ಇಯತ್ತೆಗೆ ಶಾಲೆ ಬಿಟ್ಟವಳಿಗೆ ಬರೆದು ಕೊಡು ಎಂದವರು ನೀವೊಬ್ಬರೇ. ಅದಕ್ಕೇ ಇದನ್ನೂ ಬರೆಯುತ್ತಿದ್ದೇನೆ. ಇದನ್ನು ಬೇರೆ ಯಾರಿಗೆ ಹೇಳಲಿ?

ನೀವು ನಮ್ಮ ಮನೆಗೆ ಮೊದಲು ಬಂದದ್ದು ಬಿರುಬಿಸಿಲಿನ ಮಧ್ಯಾಹ್ನ. ಆಗ ನಮ್ಮ ಮನೆಗೆ ಯಾರೂ ಬರುತ್ತಿರಲಿಲ್ಲ. ಅಣ್ಣನನ್ನು ಪೊಲೀಸರು ಒಯ್ದ ಮೇಲೆ ಓಣಿಯವರು ನಮ್ಮ ಕಟ್ಟೆ ದಾಟುವಾಗ ಮಕ್ಕಳ ಕೈ ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದರು. ಅವರದು ತಪ್ಪು ಅನ್ನುವುದಾದರೂ ಹೇಗೆ? ನೀವು ಬಾಗಿಲ ಹೊರಗೇ ಚೀಲ ಎದೆಗೆ ಅವಚಿಕೊಂಡು ನಿಂತಿದ್ದಿರಿ.

"ಯವ್ವಾ, ಈ ನಾಯಿ ಕಡಿತೈತೇನ?"

"ಅದಕ್ಕ ಹಲ್ಲ ಇಲ್ರಿ," ಎಂದಳು ಅವ್ವ. "ನೀವ್ಯಾರು?"

"ನಿಮ್ಮ ಮಗನ್ನ ಜೈಲಿನಾಗ ಮಾತಾಡಿಸಿ ಬಂದೀನಿ. ನಿಮ್ಮನ್ನೂ ಮಾತಾಡಿಸೂನು ಅಂತ."

ಅವ್ವ ಬಾಗಿಲು ಹಾಕುತ್ತಾಳೆ ಎಂದುಕೊಂಡೆ. ಆದರೆ ಅವಳು ಕೇಳಿದ್ದು, "ಉಂಡಾನೇನ್ರಿ ಅಂವ?"

ಮಕ್ಕಳ ಮೈಮೇಲೆ ಕೈ ಹಾಕಿ ಜೈಲಿಗೆ ಹೋದ ಗಂಡಸರನ್ನು ಮಾತಾಡಿಸಿ, ಅವರು ಯಾಕೆ ಹೀಗೆ ಮಾಡುತ್ತಾರೆ ಎಂದು ತಿಳಿಯುವುದೇ ನಿಮ್ಮ ಅಧ್ಯಯನದ ವಿಷಯ ಎಂದು ಆಮೇಲೆ ಹೇಳಿದಿರಿ. ಕಲಿಸುವ ಹೆಂಗಸರಿಗೆ ನಮ್ಮಲ್ಲಿ ಬಾಯಾರು ಎನ್ನುವುದು, ಅಂದಿನಿಂದ ನೀವು ನಮಗೂ ಬಾಯಾರಾದಿರಿ. ನಮ್ಮಣ್ಣ ಅವರಲ್ಲೊಬ್ಬ. ನಮ್ಮ ಓಣಿಯ ಒಂದು ಸಣ್ಣ ಮಗುವಿನ ಮೇಲೆ ಅವನು ಲೈಂಗಿಕ ದೌರ್ಜನ್ಯ ಮಾಡಿದ. ನಾವು ಮನೆಯಲ್ಲಿ "ಆ ವಿಷಯ", "ಆ ಕೇಸು" ಎನ್ನುತ್ತಿದ್ದೆವು. "ಹೆಸರಿಟ್ಟು ಹೇಳ್ರಿ. ಹೆಸರಿಲ್ಲದ್ದು ಮನಿ ತುಂಬ ಅಡ್ಡಾಡತೈತಿ" ಎಂದು ನೀವು ಕಲಿಸಿದಿರಿ. ಅದಕ್ಕೇ ಹೆಸರಿಟ್ಟು ಬರೆದಿದ್ದೇನೆ. ಆ ಮಗುವಿನ ಹೆಸರನ್ನು ಮಾತ್ರ ಎಲ್ಲಿಯೂ ಬರೆಯುವುದಿಲ್ಲ, ನಿಮಗೆ ಬರೆಯುವಾಗಲೂ.

ನೀವು ರಾಟಿಗೆ ಕುಳಿತ ದಿನ ನೆನಪಾದರೆ ಈಗಲೂ ನಗು ಬರುತ್ತದೆ. ನಾನು ಮಗ್ಗಕ್ಕೆ ನೂಲು ಸುತ್ತುತ್ತಿದ್ದೆ. ನೀವು ಕೇಳಿದ ಯಾವ ಪ್ರಶ್ನೆಗೂ ನನ್ನ ಬಾಯಿಂದ ಉತ್ತರ ಹೊರಡುತ್ತಿರಲಿಲ್ಲ. "ಸರಿ ಅತ್ತಾಗ, ನಾ ಸುತ್ತತೀನಿ, ನೀ ಕುಂತು ನೋಡು" ಎಂದು ಎಬ್ಬಿಸಿದಿರಿ. ಸ್ವಲ್ಪ ಹೊತ್ತಿಗೆಲ್ಲ ನೂಲು ಕಾಗೆಗೂಡಿನ ಹಾಗೆ ಆಯಿತು. ಅವ್ವ ಒಳಗಿನಿಂದ ಬಂದವಳೇ, "ಕಲ್ತವರ ಕೈಯಾಗ ನೂಲ ಕೊಟ್ಟವರ್ಯಾರು? ಇದನ್ನ ಬಿಡಸಾಕ ಇನ್ನೊಂದ ಪದವಿ ಬೇಕ ನೋಡ್ರಿ!" ಎಂದಳು. ನೀವು ಹೊಟ್ಟೆ ಹಿಡಿದುಕೊಂಡು ನಕ್ಕಿರಿ. ಅಣ್ಣ ಜೈಲಿಗೆ ಹೋದ ಮೇಲೆ ನಮ್ಮ ಮನೆಯಲ್ಲಿ ಯಾರಾದರೂ ಹಾಗೆ ನಕ್ಕದ್ದು ಅದೇ ಮೊದಲು. ಆ ಸಿಕ್ಕನ್ನು ಬಿಡಿಸುತ್ತ ಮೂವರೂ ಕುಳಿತೆವು. ಕೈಗೆ ಕೆಲಸ ಸಿಕ್ಕಿದ್ದಕ್ಕೋ ಏನೋ, ಅವ್ವ ತಾನಾಗಿಯೇ ಮಾತು ತೆಗೆದಳು.

"ನನ್ನ ಹಾಲಿನಾಗ ಏನರ ವಿಷ ಇತ್ತೇನ್ರಿ ಬಾಯಾರ?"

ನೀವು ತಲೆ ಎತ್ತದೆ, "ಅದ ಹಾಲ ಕುಡದು ಈ ಹುಡುಗಿ ಬೆಳದಾಳಲ್ಲವಾ," ಎಂದು ನನ್ನನ್ನು ಗದ್ದದಿಂದ ತೋರಿಸಿದಿರಿ. "ಈಕಿ ಬಾಯಿಂದ ಮಾತ ಹೊರಡೂದಿಲ್ಲ, ವಿಷ ಎಲ್ಲಿಂದ ಹೊರಡಬೇಕು?"

"ಹಂಗಾರ ಮದವಿ ತಡಾ ಆಗಿದ್ದಕ್ಕ ಹಿಂಗಾತು. ಇಪ್ಪತ್ತಾಗೂದ್ರಾಗ ಮಾಡಿಬಿಟ್ಟಿದ್ರ..."

"ಮದವಿ ಔಷಧ ಅಲ್ಲ ಯವ್ವಾ. ಹೆಂಡರು ಮಕ್ಕಳು ಇದ್ದವರೂ ಒಳಗ ಕುಂತಾರ. ಆ ಔಷಧ ಕುಡಸಾಕ ಇನ್ನೊಬ್ಬರ ಮನಿ ಮಗಳು ಬೇಕಾಕ್ಕಾಳಲ್ಲ, ಆಕಿ ಗತಿ ಏನು?"

"ಅಂವ ಸಣ್ಣಾಂವ ಇದ್ದಾಗ ಅವನಿಗೂ ಯಾರರ..." ಅವ್ವ ನೂಲಿನ ಇನ್ನೊಂದು ಗಂಟಿಗೆ ಉಗುರು ಹಾಕಿದಳು.

"ಆಗಿದ್ದರೂ ಇರಬಹುದು, ಇಲ್ಲದಿದ್ದರೂ ಇರಬಹುದು. ಅಂಥಾದ್ದು ಆದವರೆಲ್ಲಾ ಹಿಂಗ ಮಾಡೂದಿಲ್ಲ. ಹಿಂಗ ಮಾಡಿದವರಿಗೆಲ್ಲಾ ಅಂಥಾದ್ದು ಆಗಿರೂದೂ ಇಲ್ಲ. ಒಂದ ಕಾರಣ ಸಿಕ್ಕಿದ್ರ ನಾನ ಎಲ್ಲಾರಕ್ಕಿಂತ ಮೊದಲ ಮನಿಗೆ ಹೋಗಿ ಮಲಗತಿದ್ದೆ."

ಅವ್ವ ನಿಮಗೆ ಚಹಾ ಮಾಡಿಕೊಟ್ಟದ್ದು ಅದಾದ ಮೇಲೆಯೇ. ಸಕ್ಕರೆ ಜಾಸ್ತಿಯಾಯಿತು ಎಂದು ನೀವು ತಕರಾರು ಮಾಡಿದಿರಿ. ಮುಂದಿನ ಸಲ ಅವ್ವ ಬೇಕೆಂದೇ ಇನ್ನೊಂದು ಚಮಚ ಜಾಸ್ತಿ ಹಾಕಿದಳು. ನಿಮ್ಮಿಬ್ಬರ ಜಗಳ, ನಿಮ್ಮಿಬ್ಬರ ಸಲಿಗೆ, ಎರಡೂ ಹಾಗೇ ಬೆಳೆದವು.

ಒಮ್ಮೆ ನಿಮ್ಮ ಜೊತೆ ಬಸ್ ನಿಲ್ದಾಣಕ್ಕೆ ನಡೆದು ಬರುವಾಗ ನಾನು ಕೇಳಿದೆ, ಅಂಥವರ ಎದುರಿಗೆ ಕುಳಿತುಕೊಳ್ಳಲು ನಿಮಗೆ ಅಸಹ್ಯವಾಗುವುದಿಲ್ಲವೇ ಎಂದು. ಅಂಥವರು ಎಂದೆ, ಅಣ್ಣ ಎನ್ನಲಿಲ್ಲ. ನೀವು ಮೊಣಕಾಲು ನೋವಿಗೆ ಒಂದು ಕಟ್ಟೆಯ ಮೇಲೆ ಕುಳಿತಿರಿ.

"ಆಗತೈತಿ. ಒಂದೊಂದ ದಿನಾ ಮನಿಗೆ ಹೋಗಿ ಸ್ನಾನ ಮಾಡಿದ್ರೂ ಹೋಗೂದಿಲ್ಲ. ಖರೆ, ದೆವ್ವ ಅಂತ ಅಂದುಬಿಟ್ರ ನಮ್ಮ ಕೆಲಸ ಮುಗದಂಗ ಆಗತೈತಿ ನೋಡು. ದೆವ್ವಾ ಎಲ್ಲೋ ಹುಣಸಿಗಿಡದಾಗ ಇರತೈತಿ ಅಂತ ಮಂದಿ ಮನ್ಯಾಗ ಆರಾಮ ಇರತಾರ. ಇವರು ಮನ್ಯಾಗ ಇರತಾರ. ಉಂಡು, ನಕ್ಕು, ಕೂಸಿಗೆ ಪೆಪ್ಪರಮಿಂಟ ಕೊಟ್ಟು."

"ಯಾಕ ಮಾಡಿದಿ ಅಂದ್ರ ಏನಂತಾರ್ರಿ?"

"ಯಾಕ ಅಂತ ಕೇಳಿದ್ರ ಸುಳ್ಳ ಬರತೈತಿ. ಕುಡದಿದ್ದೆ ಅಂತಾರ, ಹಣೇಬರ ಅಂತಾರ. ಅದಕ್ಕ ನಾ ಯಾಕ ಅನ್ನೂದಿಲ್ಲ. ಅದಕ್ಕಿಂತ ಮೊದಲ ನಿನಗ ನೀನ ಏನೇನ ಹೇಳಕೊಂಡಿ ಅಂತ ಕೇಳತೀನಿ. ಒಳಗ ಒಂದ ಕಥಿ ಕಟ್ಟಿರತಾರವಾ. ಒಂದಿನದಾಗ ಅಲ್ಲ. ಸಾವಕಾಶ, ನೀ ನೂಲ ಸುತ್ತಿದಂಗ."

"ಕಾರಣ ಸಿಕ್ಕಿದ್ರ ಅವರನ್ನ ಮಾಫ್ ಮಾಡಬೇಕೇನ್ರಿ?"

"ಕಾರಣ ಬ್ಯಾರೆ, ಮಾಫಿ ಬ್ಯಾರೆ. ಮಾಫಿ ಕೊಡಾಕ ನಾ ಯಾರು, ನೀ ಯಾರು? ಆ ಕೂಸಿನ ಹಕ್ಕದು. ನಾ ಹುಡುಕೂದು, ಯಾವ ಬಾಗಲಾ ತೆರದಿತ್ತು ಅಂತ. ಮುಂದಿನ ಕೂಸಿಗೆ ಹಾಕಿಡಾಕ."

ಅದೇ ಕಟ್ಟೆಯ ಮೇಲೆ ನಾನು ಅಣ್ಣನ ಸೈಕಲ್ಲಿನ ವಿಷಯ ಹೇಳಿದೆ. ನನಗೆ ಸೈಕಲ್ ಕಲಿಸಿದವನು ಅವನು. ಹಿಂದಿನ ಕ್ಯಾರಿಯರ್ ಹಿಡಿದು ಓಣಿಯ ಉದ್ದಕ್ಕೂ ಓಡಿ ಬರುತ್ತಿದ್ದ, ಏದುಸಿರು ಬಿಡುತ್ತ "ಬಿಟ್ಟಿಲ್ಲಲೇ, ಬಿಟ್ಟಿಲ್ಲ" ಎನ್ನುತ್ತಿದ್ದ. ಓಣಿಯ ಹೆಂಗಸರು ಮಗ್ಗಕ್ಕೆ ಹೋಗುವಾಗ ಮಕ್ಕಳನ್ನು ಅವನ ಹತ್ತಿರವೇ ಬಿಟ್ಟು ಹೋಗುತ್ತಿದ್ದರು, ಅವನಷ್ಟು ಒಳ್ಳೆಯವನಿಲ್ಲ ಎಂದು. ಹಾಗಾದರೆ ಆ ಸೈಕಲ್ಲು ಸುಳ್ಳೇ? ಎಂದು ಕೇಳಿದೆ. "ಎರಡೂ ಖರೆ ನೀಲಾ. ಒಂದನ್ನ ಹಿಡಕೊಂಡು ಇನ್ನೊಂದನ್ನ ಅಳಸಾಕ ಹೋಗಬ್ಯಾಡ. ಭಾಳ ವಜ್ಜಾ ಆಗತೈತಿ, ಖರೆ. ಆದ್ರೂ ಎರಡನ್ನೂ ಹೊರಬೇಕು" ಎಂದಿರಿ. ಅಂದಿನಿಂದ ಹೊರುತ್ತಿದ್ದೇನೆ ಬಾಯಾರ. ಭಾರ ಕಡಿಮೆಯಾಗಿಲ್ಲ, ಹೊರುವುದು ರೂಢಿಯಾಗಿದೆ.

ಲಕ್ಕುಂಡಿಗೆ ನೀವು ನಮ್ಮ ಜೊತೆ ಬಂದ ದಿನವನ್ನು ಬರೆಯದೆ ಬಿಡಲಾರೆ. ಅಲ್ಲಿಗೆ ಮದುವೆಯಾಗಿ ಹೋದ ನಮ್ಮ ಕಸ್ತೂರಕ್ಕನ ಮನೆಯನ್ನೂ ನೋಡಬೇಕು, ಅಣ್ಣನ ಬಗ್ಗೆ ಅವಳೇನು ಹೇಳುತ್ತಾಳೆ ಕೇಳಬೇಕು ಎಂದು ಬಂದಿದ್ದಿರಿ. ಬಸ್ಸಿನಲ್ಲಿ ಅವ್ವ ನಿಮಗೆ ಕಿಟಕಿಯ ಸೀಟು ಬಿಟ್ಟುಕೊಟ್ಟಳು. ಅವಳು ನನಗೇ ಬಿಟ್ಟುಕೊಟ್ಟವಳಲ್ಲ. ಅಕ್ಕನ ಮಗಳು ಗೌರಿ ಅಂಗಳದಲ್ಲಿ ಓಡಿ ಬಂದಳು. ಸೊಂಟದ ತನಕ ಕೂದಲು, ಕೆಂಪಗೆ ಸಿಕ್ಕುಗಟ್ಟಿ ಬೆನ್ನ ತುಂಬ ಹರಡಿತ್ತು.

"ಇದಕ್ಕ ಇನ್ನೂ ಜಾವಳ ತಗಸಿಲ್ಲೇನ?" ಎಂದಿರಿ ನೀವು. ಹುಟ್ಟಿದ ಕೂದಲನ್ನು ನಮ್ಮಲ್ಲಿ ಮೂರನೆಯ ವರ್ಷಕ್ಕೆ ತೆಗೆಸುತ್ತಾರೆ, ಇವಳಿಗೆ ಅದು ದಾಟಿಹೋಗಿತ್ತು.

ಅವ್ವ ಹೆಮ್ಮೆಯಿಂದಲೇ ಹೇಳಿದಳು, "ಹ್ಯಾಂಗ ತಗಸೂದ್ರಿ? ಸೋದರಮಾವನ ತೊಡಿ ಮ್ಯಾಲೆ ಕುಂಡರಿಸಿ, ಅವನ ಕೈಲೆ ಮೊದಲನೇ ಕೂದಲಾ ಕತ್ತರಿಸಬೇಕು. ಮಾವ ಬರಲಿ. ಬಂದ ಮ್ಯಾಲೆ ಬಳಗಾನೆಲ್ಲಾ ಕರದು, ಊಟಾ ಹಾಕಿ ತಗಸತೀನಿ. ಎಲ್ಲಾರ ಮುಂದ ಕೂಸು ಅವನ ತೊಡಿ ಮ್ಯಾಲೆ ಕುಂತು ಎದ್ದಿತು ಅಂದ್ರ ಆತು. ಮಂದಿ ಬಾಯಿ ಎಲ್ಲಾ ಮುಚ್ಚಿ ಹೋಗತಾವ."

ನಿಮ್ಮ ಮುಖ ನನಗೆ ಈಗಲೂ ಕಾಣಿಸುತ್ತದೆ. ಅಕ್ಕ ಕೊಟ್ಟ ನೀರಿನ ಲೋಟವನ್ನು ಕೆಳಗಿಟ್ಟಿರಿ.

"ಯವ್ವಾ, ಆ ತೊಡಿ ಖಾಲಿ ಇರಲಿ."

"ಅಂದ್ರ?"

"ನಿನ್ನ ಮಗ ನನ್ನ ಮುಂದ ಏನಂದ ಅಂತ ನಾ ಹೇಳಂಗಿಲ್ಲ, ಅದು ಅವಗ ಕೊಟ್ಟ ಮಾತು. ಎಲ್ಲಾರದೂ ಕೂಡಿಸಿ ಹೇಳತೀನಿ, ಕೇಳು. ಒಳಗ ಕುಂತವರೊಳಗ ಎಷ್ಟೋ ಮಂದಿ ಒಂದ ಮಾತ ಅಂತಾರ, 'ಕೂಸು ಎದ್ದ ಹೋಗಲಿಲ್ಲರಿ, ಅದಕ್ಕ ಬ್ಯಾಡಾಗಿಲ್ಲ ಅಂತ ತಿಳಕೊಂಡೆ' ಅಂತ. ಅದು ಅವರು ಕಟ್ಟಿಕೊಂಡ ಕಥಿ, ಸುಳ್ಳ ಕಥಿ. ಖರೆ ಕೂಸು ಎದ್ದ ಹೋಗಲಿಲ್ಲ ಯಾಕ? ದೊಡ್ಡವರ ತೊಡಿ ಮ್ಯಾಲಿಂದ ಏಳಬಾರದು ಅಂತ ಕಲಿಸಿದವರು ಯಾರು? ಕಾಕಾಗ ಒಂದ ಮುತ್ತ ಕೊಡು, ಮಾಮಾನ ಕಡೆ ಹೋಗು, ಅಳಬ್ಯಾಡ, ಸುಮ್ಮನ ಕುಂಡ್ರು. ನಾವಲ್ಲೇನ? ತಪ್ಪು ಮಾಡಿದಾಂವ ಅವನ, ಅದರಾಗ ಪಾಲಿಲ್ಲ. ಆದ್ರ ಬಾಗಲಾ..."

"ಸಾಕ ಮಾಡ್ರಿ!" ಅವ್ವ ಎದ್ದು ನಿಂತಳು. "ಶಿಕ್ಷಾ ಮುಗಿಸಿ ಬರತಾನ ನನ್ನ ಮಗ. ಇನ್ನೂ ಎಷ್ಟ ದಿನಾ ಹೊರಗ ನಿಂದರಸಬೇಕು ಅವನ್ನ? ಮಕ್ಕಳಿಲ್ಲದಾಕಿ ನೀ. ಹಡದ ಹೊಟ್ಟಿ ಸಂಕಟ ಪುಸ್ತಕದಾಗ ಬರದಿರತಾರೇನ?"

ನೀವು ಚಪ್ಪಲಿ ಮೆಟ್ಟಿಕೊಂಡು ಹೊರಟಿರಿ. ನಾನು ಹಿಂದೆ ಓಡಿ ಬಂದೆ. ಬಸ್ಸು ಬರುವ ತನಕ ನೀವು ಮಿರ್ಚಿ ಭಜಿ ಕೊಡಿಸೆಂದು ಕೇಳಿ, ಅಂಗಡಿಯ ಮುಂದೆ ನಿಂತು ತಿಂದಿರಿ. ಅಳುತ್ತೀರಿ ಎಂದು ನಾನು ಕಾಯುತ್ತಿದ್ದೆ. "ಉಪ್ಪ ಕಡಿಮಿ ಐತಿ. ಗದಗಿನ ರುಚಿ ಇಲ್ಲ ಇದಕ್ಕ" ಎಂದಿರಿ. ಬಸ್ಸು ಹತ್ತುವಾಗ ಮಾತ್ರ, "ನಿಮ್ಮವ್ವಗ ಸಿಟ್ಟ ಬಂದಿದ್ದು ಚಲೋ ಆತು. ಸಿಟ್ಟ ಬಂತಂದ್ರ ಮಾತು ಒಳಗ ಹೋತು ಅಂತ ತಿಳಿ" ಎಂದಿರಿ. 'ಮಕ್ಕಳಿಲ್ಲದಾಕಿ' ಎಂಬ ಆ ಮಾತು ನಿಮ್ಮ ಒಳಗೆ ಎಷ್ಟು ದೂರ ಹೋಯಿತೋ, ನನಗೆ ಕೇಳಲಾಗಲಿಲ್ಲ.

ಅದರ ನಂತರ ಒಂದು ಸಲ ನೀವು ಬಂದಾಗ ಅವ್ವ ಒಳಗಿನಿಂದ ಹೊರಗೇ ಬರಲಿಲ್ಲ. ನೀವು ಕಟ್ಟೆಯ ಮೇಲೇ ಕುಳಿತು, ಹಲ್ಲಿಲ್ಲದ ನಾಯಿಗೆ ಬಿಸ್ಕತ್ತು ಹಾಕಿ ಹೋದಿರಿ. ಆಮೇಲೆ ಕಾಯಿಲೆ ಬಂದಿತು. ಕೊನೆಯ ಸಲ ಆಸ್ಪತ್ರೆಯಿಂದ ಫೋನ್ ಮಾಡಿದಾಗಲೂ ನಿಮ್ಮ ಮೊದಲ ಪ್ರಶ್ನೆ ಯಾವಾಗಲೂ ಇರುವುದೇ, "ಆ ಕೂಸು ಹ್ಯಾಂಗೈತಿ?" ನಮ್ಮಣ್ಣನ ಬಗ್ಗೆ ಕೇಳುವ ಮೊದಲು ನೀವು ಪ್ರತಿ ಸಲವೂ ಓಣಿಯ ಆ ಮಗುವನ್ನೇ ಕೇಳುತ್ತಿದ್ದಿರಿ. ಶಾಲೆಗೆ ಹೋಗುತ್ತದೆ, ದಾರಿಯಲ್ಲಿ ಅದು ಕಂಡರೆ ನಾನೇ ರಸ್ತೆಯ ಆ ಬದಿಗೆ ಸರಿಯುತ್ತೇನೆ, ನನ್ನ ಮುಖ ನೋಡಿ ಅದಕ್ಕೆ ನೆನಪಾಗಬಾರದೆಂದು ಎಂದೆ. ಆಮೇಲೆ ಕೇಳಿದಿರಿ, "ಗೌರಿ ಕೂದಲಾ?"

"ಇನ್ನೂ ಐತ್ರಿ."

"ಅವ್ವನ ಕೂಡ ಜಗಳಾಡಬ್ಯಾಡ. ಖರೆ, ಆ ದಿನಾ ಬಂದಾಗ ಸುಮ್ಮನ ಕುಂಡ್ರಬ್ಯಾಡ ಮತ್ತ."

ಹೂಂ ಎಂದುಬಿಟ್ಟೆ. ಚಹಾ ಬೇಕೋ ಬೇಡವೋ ಎಂದು ಹೇಳಲೂ ಹೆದರುವವಳು ನಾನು. ಯಾವ ಧೈರ್ಯದಿಂದ ಹೂಂ ಎಂದೆನೋ!

ಇನ್ನು ನಿಮಗೆ ಗೊತ್ತಿಲ್ಲದ್ದು. ನೀವು ಹೋದ ಮೇಲೆ ಅಣ್ಣ ಹೊರಗೆ ಬರುವ ದಿನ ಹತ್ತಿರ ಬಂದಿತು. ಅವ್ವ ಮನೆಗೆ ಸುಣ್ಣ ಬಳಿಸಿದಳು. ಜಾವಳದ ದಿನ ಗೊತ್ತು ಮಾಡಿ ಬಳಗಕ್ಕೆ ಹೇಳಿ ಕಳಿಸಿದಳು. ಕಸ್ತೂರಕ್ಕ ನನ್ನ ಹತ್ತಿರ ಬಂದು, "ನೀಲಾ, ನನಗ ಜೀವ ಹಾರತೈತಿ. ಬ್ಯಾಡ ಅಂದ್ರ ಅಣ್ಣನ್ನ ದೂರ ಮಾಡಿದ್ಲು ಅಂತಾಳ ಅವ್ವ. ಹೂಂ ಅಂದ್ರ..." ಎಂದು ಸೆರಗು ಬಾಯಿಗೆ ಒತ್ತಿಕೊಂಡಳು. ನಾನು ಹಲವು ಸಲ ಅವ್ವನ ಮುಂದೆ ಹೋಗಿ ನಿಂತೆ.

"ಅವ್ವಾ, ಜಾವಳದ ದಿನಾ..."

"ಏನ?"

"ಏನಿಲ್ಲ."

ಎಷ್ಟು ಸಲ 'ಏನಿಲ್ಲ' ಎಂದೆನೋ. ನೀವಿದ್ದಿದ್ದರೆ ಎಂದು ಅಳುತ್ತ ಸಿಟ್ಟಾದೆ, ನಿಮ್ಮ ಮೇಲೆಯೇ. ಇಷ್ಟು ದೊಡ್ಡ ಮಾತನ್ನು ನನ್ನಂಥವಳ ಮೇಲೆ ಹೊರಿಸಿ ಹೋಗುವುದೆಂದರೇನು?

ಒಂದು ಬೆಳಿಗ್ಗೆ ಗೌರಿ ನಮ್ಮ ಮನೆಯಲ್ಲಿದ್ದಳು. ನಾನು ರಾಟಿಯ ಮುಂದೆ ಕುಳಿತಿದ್ದೆ. ಅವ್ವ ಅವಳ ಕೂದಲಿಗೆ ಎಣ್ಣೆ ಹಚ್ಚಿ, ಜಾವಳದ ದಿನ ಅಳಬಾರದೆಂದು ರೂಢಿ ಮಾಡಿಸಲು ತೊಡೆಯ ಮೇಲೆ ಕೂರಿಸಿಕೊಂಡಳು.

"ನೋಡು, ಹಿಂಗ ನಿಮ್ಮ ಮಾವನ ತೊಡಿ ಮ್ಯಾಲೆ ಕುಂಡ್ರಬೇಕು. ಗೊಂಬಿ ಕುಂತಂಗ ಸುಮ್ಮನ."

"ಮಾವ ಅಂದ್ರ ಯಾರು? ನಾ ನೋಡೇ ಇಲ್ಲ."

"ನಿಮ್ಮವ್ವನ ಅಣ್ಣ. ನಿನಗ ಬಳಿ ತರತಾನ, ಲಂಗಾ ತರತಾನ. ಮಾವ ಹೇಳಿದಂಗ ಕೇಳಬೇಕು, ಒದ್ದಾಡಬಾರದು."

"ನನಗ ಬ್ಯಾಡನಿಸಿದ್ರ ಎದ್ದ ಬರಲ್ಯಾ ಅಜ್ಜಿ?"

"ಏಳಬಾರದು. ಮಾವ ಬಿಡೂತನಕಾ ಕುಂಡ್ರಬೇಕು. ಹೊಯ್ಕೋಬಾರದು, ಯಾರರ ನೋಡಿದ್ರ ಏನಂದಾರು..."

ಅವ್ವನ ಮಾತು ಅಲ್ಲಿಗೇ ನಿಂತಿತು. ನನ್ನ ರಾಟಿಯೂ ನಿಂತಿತು. ಅವಳ ಎಣ್ಣೆಯ ಕೈ ಗೌರಿಯ ತಲೆಯ ಮೇಲೆ ಹಾಗೇ ಉಳಿಯಿತು. ನಾನು ಬಾಯಿ ತೆರೆದೆ. ಬಾಯಾರ, ನನ್ನ ಧ್ವನಿ ನನಗೇ ಗುರುತಾಗಲಿಲ್ಲ.

"ಅವ್ವಾ, ಬಾಯಾರು ಹೇಳಿದ್ದು ಇದನ್ನ."

"ಗೊತ್ತಾತು," ಎಂದಳು ಅವ್ವ. "ಕಿವಿ ಐತಿ ನನಗ."

ಆಮೇಲೆ ಗೌರಿಗೆ, "ಏಳವಾ, ಸಾಕು. ಆಡಹೋಗು" ಎಂದಳು. ಗೌರಿ, "ಈಗ ಬ್ಯಾಡನಿಸಿಲ್ಲಜ್ಜಿ, ಇನ್ನಷ್ಟ ಎಣ್ಣಿ ಹಚ್ಚು" ಎಂದು ಇನ್ನೂ ಒರಗಿ ಕುಳಿತಳು. ಅವ್ವ ಅವಳ ನೆತ್ತಿಗೆ ಕೆನ್ನೆ ಇಟ್ಟು ಅತ್ತಳು. ಮಗನನ್ನು ಒಯ್ದ ದಿನವೂ ಅವಳು ಹಾಗೆ ಅತ್ತಿರಲಿಲ್ಲ. ಅಂದು ಅವಳು ಕಿರುಚಿದ್ದಳು. ಇದು ಬೇರೆ.

ಅಣ್ಣ ಹೊರಬಂದ ದಿನ ಅವ್ವ ಮತ್ತು ನಾನು ಜೈಲಿನ ಬಾಗಿಲಿಗೆ ಹೋಗಿದ್ದೆವು. ಎಷ್ಟು ಸಣ್ಣಗಾಗಿದ್ದ! ಅವ್ವ ಅವನ ಮುಖ ಸವರಿದಳು, ಕಟ್ಟಿಕೊಂಡು ಬಂದ ರೊಟ್ಟಿ ತಿನ್ನಿಸಿದಳು. ನಿಲ್ದಾಣದಲ್ಲಿ ಬೆಟಗೇರಿಯ ಬಸ್ಸು ಬಂದಾಗ ಅವನನ್ನು ಹತ್ತಗೊಡಲಿಲ್ಲ. ಮಲ್ಲಸಮುದ್ರದಲ್ಲಿ ಒಂದು ಖೋಲಿ ನೋಡಿದ್ದೇವೆ, ಅಲ್ಲಿಯೇ ಹತ್ತಿರದ ಗೋದಾಮಿನಲ್ಲಿ ಕೆಲಸವಿದೆ, ಮಾಲೀಕರಿಗೆ ಎಲ್ಲವನ್ನೂ ಹೇಳಿದ್ದೇವೆ ಎಂದಳು. ಅದೆಲ್ಲ ನಿಮ್ಮ ವಿದ್ಯಾರ್ಥಿನಿ ಓಡಾಡಿ ಮಾಡಿಕೊಟ್ಟದ್ದು. ಅವಳು ಬಂದಾಗ ನಾನು ನಾಲ್ಕು ಮಾತಾದರೂ ಆಡಿದೆ, ನಂಬಿ.

"ಜಾವಳಕ್ಕರ ಬರತೀನಿ," ಎಂದ ಅಣ್ಣ. "ಅವ್ವಾ, ಒಂದ ದಿನಾ. ಎಲ್ಲಾರ ಮುಂದ."

"ಇಲ್ಲಪಾ."

"ನೀನೂ ನನ್ನ ನಂಬೂದಿಲ್ಲೇನ?" ಅವನ ಕಣ್ಣು ಕೆಂಪಾದವು. ಸುತ್ತ ಜನ ನೋಡುತ್ತಿದ್ದರು.

"ನೀ ನನ್ನ ಮಗ. ಅದನ್ನ ಯಾರೂ ಕಸಗೊಳ್ಳಾಕ ಆಗಂಗಿಲ್ಲ. ವಾರಕ್ಕೊಮ್ಮೆ ರೊಟ್ಟಿ ಕಟಗೊಂಡ ಬರತೀನಿ, ಸಾಯೂತನಕಾ ಬರತೀನಿ. ಖರೆ, ನೀ ಸುಧಾರಿಸಿಯೋ ಇಲ್ಲೋ ಅಂತ ಗೌರಿ ಮ್ಯಾಲೆ ಪರೀಕ್ಷಾ ಮಾಡಂಗಿಲ್ಲ ನಾ."

ಅವನು ರೊಟ್ಟಿಯ ಗಂಟನ್ನು ಬಸ್ ನಿಲ್ದಾಣದ ನೆಲದ ಮೇಲಿಟ್ಟು ಸ್ವಲ್ಪ ದೂರ ನಡೆದುಹೋದ. ಹೋಗಿಯೇ ಬಿಟ್ಟನೇನೋ ಎಂದುಕೊಂಡೆ. ಅವ್ವ ಕರೆಯಲಿಲ್ಲ. ಬಹಳ ಹೊತ್ತಿನ ಮೇಲೆ ಬಂದು ಗಂಟು ಎತ್ತಿಕೊಂಡ. ಈಗ ಮಲ್ಲಸಮುದ್ರದಲ್ಲಿದ್ದಾನೆ. ನಿಮ್ಮ ವಿದ್ಯಾರ್ಥಿನಿಯ ಜೊತೆ ಕುಳಿತು ಮಾತಾಡುತ್ತಾನೆ, ಕೆಲವು ಸಲ ತಪ್ಪಿಸುತ್ತಾನೆ, ಅವ್ವ ಬೈದು ಕಳಿಸುತ್ತಾಳೆ. ಅವನು ಬದಲಾಗಿದ್ದಾನೆಯೇ? ನನಗೆ ಗೊತ್ತಿಲ್ಲ. ಗೊತ್ತಿಲ್ಲ ಎನ್ನಲು ನಾಚಿಕೆಪಡಬಾರದೆಂದು ನೀವೇ ಹೇಳಿದ್ದಿರಿ, ಅದಕ್ಕೇ ಹೇಳುತ್ತಿದ್ದೇನೆ.

ಹಿರಿಯರ ಅಮಾವಾಸ್ಯೆಗೆ ಅವ್ವ ನಮ್ಮ ಅಪ್ಪ, ಅಜ್ಜ, ಅಜ್ಜಿಯರ ಎಡೆಗಳ ಪಕ್ಕದಲ್ಲಿ ಇನ್ನೊಂದು ಎಡೆ ಹಾಕಿದಳು. ಇದು ಯಾರಿಗೆ ಎಂದೆ. "ಬಾಯಾರಿಗೆ. ಮಕ್ಕಳಿಲ್ಲದಾಕಿ ಅಂದಿದ್ದೆ ನೋಡು, ಹಂಗಾರ ಅವರಿಗೆ ಎಡಿ ಹಾಕವರ್ಯಾರು? ನಾವ ಹಾಕಬೇಕಲ್ಲ" ಎಂದಳು. ನೀವು ಬದುಕಿದ್ದಾಗ ಅವಳು ಕೇಳದ ಕ್ಷಮೆಯನ್ನು ಹೀಗೆ ಕೇಳಿದಳೆಂದು ನಾನು ತಿಳಿದಿದ್ದೇನೆ. ಹೋಳಿಗೆ, ಅನ್ನ, ಕಟ್ಟಿನ ಸಾರಿನ ಜೊತೆ ಎರಡು ಮಿರ್ಚಿ. ಹಿರಿಯರ ಎಡೆಯಲ್ಲಿ ಮಿರ್ಚಿಯನ್ನು ನಮ್ಮ ಓಣಿಯಲ್ಲಿ ಯಾರೂ ನೋಡಿರಲಿಕ್ಕಿಲ್ಲ. ಉಪ್ಪು ಸರಿಯಿತ್ತು ಬಾಯಾರ.

ಜಾವಳ ಮೊನ್ನೆ ಆಯಿತು, ಲಕ್ಕುಂಡಿಯಲ್ಲಿ, ಅಕ್ಕನ ಮನೆಯ ಅಂಗಳದಲ್ಲಿ. ಅದನ್ನು ಹೇಳಲೆಂದೇ ಈ ಪತ್ರ. ಕಂಬಳಿ ಹಾಸಿ, ಗೌರಿಗೆ ಹಸಿರು ಲಂಗ ತೊಡಿಸಿ ಕರೆತಂದರು. ಅಕ್ಕನ ಮನೆಯ ಹಿರಿಯರೊಬ್ಬರು, "ಸೋದರಮಾವ ಎಲ್ಲಿ? ಮಾವನ ತೊಡಿ ಇಲ್ದ ಶಾಸ್ತ್ರ ಆಗತೈತೇನ?" ಎಂದರು.

ಅವ್ವ ಸೀರೆಯ ನೆರಿಗೆ ಸರಿಮಾಡಿಕೊಂಡು ಕಂಬಳಿಯ ಮೇಲೆ ತಾನೇ ಕುಳಿತಳು. "ಆ ಮಾವ ಎಲ್ಲಿಂದ ಬಂದ್ನೋ ಆ ತೊಡಿ ಇದು. ಇದಕ್ಕಿಂತ ದೊಡ್ಡ ತೊಡಿ ಇದ್ರ ತರ್ರಿ."

"ಅಲ್ಲಬೇ, ಪದ್ಧತಿ ಅಂತ ಒಂದ ಇರತೈತಲ್ಲ..."

"ಪದ್ಧತಿ ಮಾಡಿದವರು ನನ್ನ ಕೇಳಿ ಮಾಡಿಲ್ಲ. ಕತ್ತರಿ ತರ್ರಿ, ಅಡಗಿ ಆರಿ ಹೊಂಟೈತಿ."

ಯಾರೋ ನಕ್ಕರು. ಯಾರೋ ಗೊಣಗಿದರು. ಕಸ್ತೂರಕ್ಕ ಅಡುಗೆಮನೆಯ ಬಾಗಿಲಿನಲ್ಲಿ ನಿಂತು ನನ್ನ ಕೈ ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಬಳೆಯ ಗುರುತು ಮೂಡಿತು. ಗೌರಿ ಬಂದು ಅಜ್ಜಿಯ ತೊಡೆಯ ಮೇಲೆ ಕುಳಿತಳು. ಅವ್ವ ಮೊದಲ ಕೂದಲು ಕತ್ತರಿಸಿದಳು. ಆಮೇಲೆ ಹಡಪದ ಕಾಕಾ ಕ್ಷೌರದ ಕತ್ತಿ ತೆಗೆದು ಒಂದು ಕಡೆಯಿಂದ ಬೋಳಿಸತೊಡಗಿದರು. ಅರ್ಧ ತಲೆ ಆಗಿರಬೇಕು, ಗೌರಿ ಕೈ ಎತ್ತಿದಳು.

"ಸಾಕು. ನನಗ ಬ್ಯಾಡ."

"ಹಿಡಕೋರಿ, ಹಿಡಕೋರಿ!" ಸುತ್ತಲಿದ್ದವರೆಲ್ಲ ಕೂಗಿದರು. "ಅರ್ಧಕ್ಕ ಬಿಡಬಾರದು! ಗಟ್ಟಿ ಹಿಡಿಬೇ ಯವ್ವಾ!"

ಅವ್ವ ಎರಡೂ ಕೈ ಮೇಲಕ್ಕೆತ್ತಿದಳು. ಗೌರಿ ಎದ್ದಳು. ಅರ್ಧ ತಲೆ ಬೋಳು, ಇನ್ನರ್ಧದ ಕೂದಲು ಸೊಂಟದ ತನಕ, ಲಂಗ ಎತ್ತಿಕೊಂಡು ಅಂಗಳ ದಾಟಿ ಓಡಿದಳು. ಮಕ್ಕಳೆಲ್ಲ ಹೋ ಎಂದು ಅವಳ ಹಿಂದೆ ಓಡಿದವು. ಹಿರಿಯರು ಹಣೆ ಹಣೆ ಬಡಿದುಕೊಂಡರು. ಹಡಪದ ಕಾಕಾ ಕತ್ತಿ ಹಿಡಿದುಕೊಂಡೇ, ಈಗೇನು ಮಾಡಲಿ ಎಂಬಂತೆ ಅವ್ವನ ಮುಖ ನೋಡಿದರು.

"ಕುಂಡ್ರು ಕಾಕಾ, ಚಾ ಕುಡಿ," ಎಂದಳು ಅವ್ವ. "ಅದು ತಾನ ಬರತೈತಿ. ಬರಲಿಲ್ಲಂದ್ರ ನಾಳಿ ತಗದ್ರಾತು."